ವ್ಯಾಗನ್‌ನಲ್ಲಿ ಬಂದ ಅಜ್ಜಿಯನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ

ನನ್ನ ಸರ್ವಿಸ್ ಪೂರ್ತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕಳೆಯಿತು. ತಿಪಟೂರಿನಲ್ಲಿ ಜಾಸ್ತಿ, ಕೊನೆಗೆ ತುಮಕೂರಿನಲ್ಲಿ. ಕ್ರಯಪತ್ರ, ಪಾಲುಪತ್ರ, ದಾನಪತ್ರ, ದಿನಾ ಇವೇ. ನಿವೃತ್ತಿ ಆದಮೇಲೆ ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿರುವ ಮಗನ ಮನೆಗೆ ಬಂದೆ. ಸೊಸೆ ಇಲ್ಲಿಯವಳೇ. ಅವಳ ತಾಯಿಯ ಕಡೆಯ ಒಬ್ಬ ಅಜ್ಜಿ, ಐದಾರು ತಲೆ ಹಿಂದಿನವಳು, 1852ರಲ್ಲಿ ಎತ್ತಿನ ವ್ಯಾಗನ್ ಜೊತೆ ಇಲ್ಲಿಗೆ ಬಂದವಳಂತೆ. ಗಂಡನ ಹೆಸರು ಗೊತ್ತು, ಅವನಪ್ಪ ಗೊತ್ತು, ಅವನ ತಾತನೂ ಗೊತ್ತು. ಅವಳು ಮಾತ್ರ ಬರೀ ‘ಮಿಸೆಸ್ ಇಂಥವರು’. ತವರು ಯಾವುದು, ಅಪ್ಪ ಅಮ್ಮ ಯಾರು, ಯಾರಿಗೂ ಗೊತ್ತಿಲ್ಲ.

ಇಂಥ ಅಜ್ಜಿಯರು ಅಮೆರಿಕದ ಮನೆಮನೆಯಲ್ಲೂ ಇದ್ದಾರೆ. ಈಗ ನಮ್ಮವರೂ ಆ ಮನೆಗಳ ಬೀಗರಾಗಿದ್ದಾರೆ. ಹುಡುಕಬೇಕು ಅನ್ನುವವರಿಗೆ ದಾರಿ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಆ ಕಾಲದಲ್ಲಿ ಇಲ್ಲಿ ಮದುವೆಯಾದ ಹೆಂಗಸಿಗೆ ಓಟಿಲ್ಲ. ಬಹಳ ಕಡೆ ಅವಳ ಹೆಸರಲ್ಲಿ ಆಸ್ತಿ, ಸಾಲ, ವ್ಯಾಜ್ಯ ಯಾವುದೂ ನಡೆಯುತ್ತಿರಲಿಲ್ಲ. ಹೊರದೇಶದಿಂದ ಬಂದವಳು ಅಮೆರಿಕದ ಪ್ರಜೆಯನ್ನು ಮದುವೆಯಾದರೆ, 1855ರ ಕಾನೂನಿನ ಪ್ರಕಾರ ಅವಳೂ ಪ್ರಜೆಯೇ. ಹಾಗಾಗಿ ಪೌರತ್ವದ ಕಾಗದವೂ ಬೇರೆ ಸಿಗುವುದಿಲ್ಲ. ಗಂಡನ ಹೆಸರು ಹಿಡಿದು ಹೊರಟರೆ ಗಂಡನೇ ಸಿಗುತ್ತಾನೆ. ಆದರೆ ಕೆಲವು ಸಂದರ್ಭಗಳಲ್ಲಿ ಸರ್ಕಾರಕ್ಕೋ, ಜಮೀನು ಕೊಳ್ಳುವವನಿಗೋ, ಕೋರ್ಟಿಗೋ ಅವಳ ಒಪ್ಪಿಗೆ ಬೇಕೇ ಬೇಕಾಗುತ್ತಿತ್ತು. ಅದಕ್ಕೇ ನಾನು ಹೇಳುವುದು: ಅವಳು ಎಲ್ಲಿದ್ದಳು ಅಂತ ಆಮೇಲೆ ಕೇಳಿ. ಅವಳ ಸಹಿ ಯಾರಿಗೆ ಬೇಕಿತ್ತು ಅಂತ ಮೊದಲು ಕೇಳಿ.

ಮನೆಯಿಂದ ಶುರು

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯ ಹಿರಿಯರ ಮುಂದೆ ಕೂರಿ. ನಾನು ಬೀಗಿತ್ತಿಯ ಹತ್ತಿರ ಕೂತೆ. ಅವರಿಗಿಂತ ಹಿರಿಯ ಕಸಿನ್ ಒಬ್ಬರ ಮನೆಯಲ್ಲಿ ಹಳೇ ಬೈಬಲ್ ಇತ್ತು. ಇಲ್ಲಿನ ಹಳೇ ಮನೆಗಳಲ್ಲಿ ಬೈಬಲ್ಲಿನ ನಡುವೆ ಹುಟ್ಟು, ಮದುವೆ, ಸಾವು ಬರೆಯಲು ಖಾಲಿ ಹಾಳೆ ಇರುತ್ತವೆ. ಆ ಬೈಬಲ್ ಯಾವ ವರ್ಷ ಅಚ್ಚಾಗಿದೆ ಅಂತ ಮೊದಲ ಪುಟದಲ್ಲಿ ನೋಡಿ. 1880ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1830ರ ಹುಟ್ಟು ಇದ್ದರೆ ಅದು ನೆನಪಿನಿಂದ ಬರೆದದ್ದು. ಎಲ್ಲ ಸಾಲೂ ಒಂದೇ ಕೈಬರಹ, ಒಂದೇ ಶಾಯಿ ಆಗಿದ್ದರೂ ಅದೇ ಅರ್ಥ. ಬಿಸಾಡಬೇಡಿ, ಆದರೆ ಪೂರ್ತಿ ನಂಬಲೂಬೇಡಿ.

ಹೆಸರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಪಾಲಿ ಅಂತ ಕರೆಯುತ್ತಿದ್ದವಳು ದಾಖಲೆಯಲ್ಲಿ ಮೇರಿ ಆಗಿರಬಹುದು. ಪ್ಯಾಟ್ಸಿ ಅಂದರೆ ಮಾರ್ಥಾ, ಸ್ಯಾಲಿ ಅಂದರೆ ಸಾರಾ, ಪೆಗ್ಗಿ ಅಂದರೆ ಮಾರ್ಗರೆಟ್, ನ್ಯಾನ್ಸಿ ಅಂದರೆ ಎಷ್ಟೋ ಸಲ ಆ್ಯನ್. ಇದು ಗೊತ್ತಿಲ್ಲದಿದ್ದರೆ ಒಬ್ಬಳೇ ಹೆಂಗಸು ನಿಮ್ಮ ಕಾಗದದಲ್ಲಿ ಇಬ್ಬರಾಗಿಬಿಡುತ್ತಾಳೆ. ಮಕ್ಕಳ ನಡುವಿನ ಹೆಸರನ್ನೂ ಗಮನಿಸಿ. ಗಂಡು ಮಗುವಿನ ಮಧ್ಯದ ಹೆಸರು ಯಾರದೋ ಮನೆತನದ ಹೆಸರಿನಂತೆ ಕೇಳಿಸಿದರೆ, ಅದು ತಾಯಿಯ ತವರಿನದು ಇರಬಹುದು. ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹಾಡಿ ಹೋಗುತ್ತಾರಲ್ಲ, ಇಲ್ಲಿ ಆ ಕೆಲಸವನ್ನು ಫ್ಯಾಮಿಲಿಸರ್ಚ್ ಎನ್ನುವ ವೆಬ್‌ಸೈಟ್ ಮಾಡುತ್ತದೆ. ಮಾರ್ಮನ್ ಚರ್ಚಿನವರದು, ಪೂರ್ತಿ ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಆನ್ಸೆಸ್ಟ್ರಿ ಅನ್ನುವ ಇನ್ನೊಂದು ವೆಬ್‌ಸೈಟ್ ದುಡ್ಡಿನದು, ಆದರೆ ಇಲ್ಲಿನ ಬಹಳ ಪಬ್ಲಿಕ್ ಲೈಬ್ರರಿಗಳಲ್ಲಿ ಕೂತು ಸುಮ್ನೆ ನೋಡಬಹುದು. ಎರಡರಲ್ಲೂ ಮೂಲ ದಾಖಲೆಯ ಫೋಟೋ ಒಂದು ಕಡೆ, ಜನ ಸೇರಿಸಿದ ವಂಶವೃಕ್ಷ ಇನ್ನೊಂದು ಕಡೆ ಇರುತ್ತದೆ. ಮೊದಲನೆಯದಕ್ಕೆ ಹೋಗಿ. ಎರಡನೆಯದರಲ್ಲಿ ಒಬ್ಬರು ಬರೆದ ತಪ್ಪನ್ನು ನೂರು ಜನ ನಕಲು ಮಾಡಿರುತ್ತಾರೆ. ಅದನ್ನು ನೂರು ಸಾಕ್ಷಿ ಅಂತ ಎಣಿಸಬಾರದು, ಅಲ್ವಾ?

ಸಾವಿನಿಂದ ಹಿಂದಕ್ಕೆ

ಕೊನೆಯಿಂದ ಹುಡುಕಿಕೊಂಡು ಬನ್ನಿ. ಒರೆಗಾನ್‌ನಲ್ಲಿ ರಾಜ್ಯಮಟ್ಟದ ಮರಣ ನೋಂದಣಿ ಶುರುವಾಗಿದ್ದು 1903ರಲ್ಲಿ. ಅಜ್ಜಿ ಅದಕ್ಕೆ ಮುಂಚೆ ಹೋಗಿದ್ದರೆ ಸರ್ಟಿಫಿಕೇಟ್ ಆಸೆ ಬಿಡಿ. ಆದರೆ ಅವಳ ಮಕ್ಕಳು 1910, 1920ರಲ್ಲಿ ತೀರಿಕೊಂಡಿರುತ್ತಾರೆ. ಅವರ ಮರಣ ಪತ್ರದಲ್ಲಿ ‘ತಾಯಿಯ ಮದುವೆಗೆ ಮುಂಚಿನ ಹೆಸರು’ ಅಂತ ಒಂದು ಕಾಲಂ ಇದೆ. ನಿಮ್ಮ ನೇರ ಪೂರ್ವಜನ ಪತ್ರ ಒಂದನ್ನೇ ತೆಗೆಸಿ ಸುಮ್ಮನಾಗಬೇಡಿ. ಎಲ್ಲ ಮಕ್ಕಳದೂ ತೆಗೆಸಿ. ಮಾಹಿತಿ ಕೊಟ್ಟವರು ಯಾರು ಅಂತ ಕೆಳಗೆ ಬರೆದಿರುತ್ತದೆ. ಮಗಳು ಹೇಳಿದ್ದಕ್ಕೆ ಒಂದು ತೂಕ, ಅಳಿಯ ಹೇಳಿದ್ದಕ್ಕೆ ಇನ್ನೊಂದು. ನಮ್ಮ ಅಜ್ಜಿಯ ಇಬ್ಬರು ಮಕ್ಕಳ ಪತ್ರದಲ್ಲಿ ಎರಡು ಬೇರೆ ಬೇರೆ ತವರಿನ ಹೆಸರು ಬಂದವು. ಎರಡನ್ನೂ ಬರೆದಿಟ್ಟುಕೊಂಡೆವು.

ಜನಗಣತಿ

ಇಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಾಲಂನಲ್ಲಿ ಬರೀ ಗೀಟು. 1850ರಿಂದ ಮನೆಯ ಎಲ್ಲ ಸ್ವತಂತ್ರ ಜನರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬಂತು. ಗುಲಾಮರಾಗಿದ್ದವರ ಹೆಸರು ಆಗಲೂ ಇಲ್ಲ. ಇನ್ನೊಂದು ತೊಡಕಿದೆ. 1850, 1860, 1870ರಲ್ಲಿ ಸಂಬಂಧ ಬರೆದಿಲ್ಲ. ಯಜಮಾನನ ಕೆಳಗಿರುವ ಹೆಂಗಸು ಹೆಂಡತಿಯೋ, ತಂಗಿಯೋ, ಎರಡನೇ ಹೆಂಡತಿಯೋ ನೀವೇ ಊಹಿಸಬೇಕು. ಸಂಬಂಧದ ಕಾಲಂ, ಅಪ್ಪ ಅಮ್ಮ ಹುಟ್ಟಿದ ಜಾಗದ ಕಾಲಂ, ಎರಡೂ ಬಂದದ್ದು 1880ರಲ್ಲಿ. 1890ರ ಗಣತಿ ಹುಡುಕುತ್ತಾ ಕಾಲ ಕಳೆಯಬೇಡಿ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಅದು ಹೆಚ್ಚುಕಮ್ಮಿ ಪೂರ್ತಿ ಹಾಳಾಯಿತು.

ನನಗೆ ಬಹಳ ಇಷ್ಟವಾದದ್ದು 1900ರ ಹಾಳೆ. ಹೆಂಗಸಿಗೆ ಎರಡು ಪ್ರಶ್ನೆ ಕೇಳಿದ್ದಾರೆ: ಎಷ್ಟು ಮಕ್ಕಳನ್ನು ಹೆತ್ತೆ, ಎಷ್ಟು ಬದುಕಿವೆ. ನಮ್ಮ ಅಜ್ಜಿ ಆಗ ಮಗಳ ಮನೆಯಲ್ಲಿದ್ದಳು. ಹನ್ನೊಂದು, ಆರು ಅಂತ ಬರೆದಿದೆ. ಬೈಬಲ್ಲಿನಲ್ಲಿ ಇದ್ದದ್ದು ಎಂಟೇ ಹೆಸರು. ಉಳಿದ ಮೂರು ಮಕ್ಕಳು ಎಲ್ಲಿ ಹುಟ್ಟಿ ಎಲ್ಲಿ ಹೋದವೋ. ಸೊಸೆ ಆ ಹಾಳೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಜಮೀನಿನ ಕಡತ: ಇಲ್ಲಿ ನಿಧಾನವಾಗಿ ಓದಿ

ಒರೆಗಾನ್‌ಗೆ ಬಂದ ಹೆಂಗಸಾದರೆ ನಿಮಗೊಂದು ಅದೃಷ್ಟ ಇದೆ. 1850ರ ಸೆಪ್ಟೆಂಬರ್ 27ರಂದು ‘ಡೊನೇಷನ್ ಲ್ಯಾಂಡ್ ಕ್ಲೇಮ್’ ಕಾನೂನು ಬಂತು. ಆ ವರ್ಷದ ಡಿಸೆಂಬರ್ 1ರೊಳಗೆ ಬಂದು ನೆಲೆಸಿದ ಒಂಟಿ ಗಂಡಸಿಗೆ ಸರ್ಕಾರದಿಂದ ಉಚಿತವಾಗಿ 320 ಎಕರೆ, ಗಂಡಹೆಂಡಿರಿಗೆ 640 ಎಕರೆ. ಆಮೇಲೆ, 1855ರೊಳಗೆ, ಬಂದವರಿಗೆ ಇದರ ಅರ್ಧ. ಅದರಲ್ಲಿ ಒಂದು ಪಾಲು ಹೆಂಡತಿಗೆ, ಅವಳ ಸ್ವಂತ ಹಕ್ಕಿನಲ್ಲಿ. ಗಂಡನ ಭಾಗ ಯಾವುದು, ಹೆಂಡತಿಯ ಭಾಗ ಯಾವುದು ಅಂತ ಸರ್ವೇಯವರೇ ಗುರುತಿಸಿ ಬರೆಯಬೇಕಿತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು.

ಹೆಂಡತಿ ಇದ್ದರೆ ಜಮೀನು ಎರಡು ಪಟ್ಟು. ಅಂದಮೇಲೆ ಸರ್ಕಾರ ಪುರಾವೆ ಕೇಳದೆ ಬಿಡುತ್ತದೆಯೇ? ಹಾಗಾಗಿ ಕಡತದಲ್ಲಿ ಅರ್ಜಿದಾರ ಹುಟ್ಟಿದ ವರ್ಷ, ಊರು, ಒರೆಗಾನ್‌ಗೆ ಬಂದ ದಿನ, ಜಮೀನಿಗೆ ಇಳಿದ ದಿನ, ಹೆಂಡತಿಯ ಹೆಸರು, ಮದುವೆಯಾದ ದಿನ ಮತ್ತು ಜಾಗ, ಎಲ್ಲ ಇರುತ್ತದೆ. ನಾಲ್ಕು ವರ್ಷ ವಾಸವಿದ್ದು ಸಾಗುವಳಿ ಮಾಡಿದ್ದಕ್ಕೆ ಸಾಕ್ಷಿಗಳ ಹೇಳಿಕೆಯೂ ಸೇರಿರುತ್ತದೆ. ಮೂಲ ಕಡತ ಕೇಂದ್ರ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಅದರ ಮೈಕ್ರೋಫಿಲ್ಮ್ ಸಂಖ್ಯೆ ಎಂ 815. ಪೋರ್ಟ್‌ಲ್ಯಾಂಡಿನ ಜೀನಿಯಲಾಜಿಕಲ್ ಫೋರಂ ಆಫ್ ಒರೆಗಾನ್‌ನವರು ಈ ಕಡತಗಳ ಸಾರಾಂಶವನ್ನು ಹೆಸರಿನ ಸೂಚಿ ಸಮೇತ ಅಚ್ಚು ಹಾಕಿದ್ದಾರೆ. ಅದರಲ್ಲಿ ಕ್ಲೇಮ್ ನಂಬರ್ ಮತ್ತು ಯಾವ ಲ್ಯಾಂಡ್ ಆಫೀಸ್ ಅನ್ನುವುದನ್ನು ಹಿಡಿದುಕೊಂಡರೆ, ಒರೆಗಾನ್ ಸಿಟಿಯೋ ರೋಸ್‌ಬರ್ಗೋ, ಮುಂದಿನ ಕೆಲಸ ಸಲೀಸು.

ನಮ್ಮ ಅಜ್ಜಿ 1847ರಲ್ಲಿ ಇಲಿನಾಯ್‌ನಲ್ಲಿ ಮದುವೆಯಾದದ್ದು, ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಹಾಗೆ) ಅನ್ನುವುದು, ಇಲ್ಲೇ ಸಿಕ್ಕಿತು. ಒಂದು ಸಾಲು. ಅದಿಲ್ಲದಿದ್ದರೆ ಇಡೀ ಅಮೆರಿಕ ಹುಡುಕಬೇಕಿತ್ತು.

ಸಾಕ್ಷಿಗಳ ಹೆಸರನ್ನು ಬಿಡಬೇಡಿ. ವ್ಯಾಗನ್ನಿನಲ್ಲಿ ಯಾರೂ ಒಬ್ಬಂಟಿಯಾಗಿ ಬರುತ್ತಿರಲಿಲ್ಲ. ಅಣ್ಣತಮ್ಮಂದಿರು, ಭಾವಮೈದುನರು, ಅದೇ ಚರ್ಚಿನವರು ಒಟ್ಟಿಗೆ ಹೊರಟು, ಪಕ್ಕಪಕ್ಕದಲ್ಲೇ ಜಮೀನು ಹಿಡಿದು, ಒಬ್ಬರಿಗೊಬ್ಬರು ಸಾಕ್ಷಿ ಹಾಕಿದರು. ಕಚೇರಿಯಲ್ಲಿ ಕೆಲಸ ಮಾಡಿದ ನನಗೆ ಇದು ಹೊಸದಲ್ಲ. ಕ್ರಯಪತ್ರಕ್ಕೆ ಸಾಕ್ಷಿ ಹಾಕಲು ಬರುವವನು ಸಾಮಾನ್ಯವಾಗಿ ಬಾಮೈದನೇ. ಹೆಂಗಸಿನ ತವರು ಗೊತ್ತಿಲ್ಲದಾಗ ಗಂಡನ ಸಾಕ್ಷಿಗಳ ಊರು ಕೇರಿ ಹುಡುಕಿ.

ಇದೇ ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ವಿಲ್ಯಾಮೆಟ್ ಕಣಿವೆಯಲ್ಲಿ ಈ ಜಮೀನು ಹಂಚಲು ಶುರುಮಾಡಿದಾಗ ಅಲ್ಲಿದ್ದ ಮೂಲನಿವಾಸಿ ಕಲಪೂಯಾ ಜನರೊಂದಿಗೆ ಊರ್ಜಿತವಾದ ಒಪ್ಪಂದವೇ ಇರಲಿಲ್ಲ. ಒಪ್ಪಂದ ಆದದ್ದು 1855ರಲ್ಲಿ. ಮರುವರ್ಷ ಅವರನ್ನು ಗ್ರ್ಯಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಿದರು. ಜಮೀನು ಸಿಗುತ್ತಿದ್ದದ್ದು ಬಿಳಿಯರಿಗೆ ಮತ್ತು ಅರ್ಧ ಮೂಲನಿವಾಸಿ (ಅಮೆರಿಕನ್ ಇಂಡಿಯನ್) ರಕ್ತದವರಿಗೆ ಮಾತ್ರ, ಕಪ್ಪು ಜನರಿಗೆ ಇಲ್ಲ. ಅಜ್ಜಿಯ ಕಥೆ ಬರೆಯುವಾಗ ಜಮೀನು ಖಾಲಿ ಬಿದ್ದಿತ್ತು ಅಂತ ಬರೆಯಬೇಡಿ. ಇನ್ನು, ನೀವು ಹುಡುಕುತ್ತಿರುವ ಅಜ್ಜಿಯೇ ಇಲ್ಲಿನ ಮೂಲನಿವಾಸಿ ಹೆಂಗಸಾಗಿದ್ದು ತುಪ್ಪಳ ವ್ಯಾಪಾರಿಯನ್ನು ಮದುವೆಯಾಗಿದ್ದರೆ, ಕಥೋಲಿಕ ಚರ್ಚಿನ ರಿಜಿಸ್ಟರ್ ನೋಡಿ. ಸೇಂಟ್ ಪಾಲ್ ಊರಿನದು ಮುಖ್ಯ. ಅವುಗಳಲ್ಲಿ ಇಂಥ ಹೆಂಗಸರ ಬ್ಯಾಪ್ಟಿಸಂ, ಮದುವೆ, ಅವರ ಬುಡಕಟ್ಟಿನ ಹೆಸರು ಸಿಗುತ್ತದೆ.

ಕ್ರಯಪತ್ರದ ಕೊನೆಯ ಪುಟ

ಮುಂದಿನದು ಕೌಂಟಿ ಕ್ಲರ್ಕ್ ಕಚೇರಿ. ಮಾರುವವರ ಸೂಚಿ, ಕೊಳ್ಳುವವರ ಸೂಚಿ ಅಂತ ಎರಡು ಇರುತ್ತವೆ. ಗಂಡ ಜಮೀನು ಮಾರಿದರೂ ಹೆಂಡತಿಗೆ ಅದರಲ್ಲಿ ಜೀವನಾಂಶದ ಹಕ್ಕು ಇರುತ್ತಿತ್ತು. ಅವಳು ಬಿಟ್ಟುಕೊಡದಿದ್ದರೆ ಕೊಂಡವನಿಗೆ ಮುಂದೆ ತಕರಾರು. ಅದಕ್ಕೆ ಪತ್ರದ ಕೊನೆಯಲ್ಲಿ ಒಂದು ಷರಾ ಇರುತ್ತದೆ: ಇವಳನ್ನು ಗಂಡನಿಂದ ದೂರ ಕರೆದು, ಬೇರೆಯಾಗಿ ವಿಚಾರಿಸಲಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದಾಳೆ ಅಂತ. ನಿಜವಾಗಿಯೂ ದೂರ ಕರೆದು ಕೇಳಿದ್ದರೋ ಇಲ್ಲವೋ, ನನಗೆ ಅನುಮಾನವೇ. ಆದರೆ ಅವಳ ಹೆಸರು ಅಲ್ಲಿ ಬರುತ್ತದೆ. ಸಹಿಯೋ, ಗುರುತಿಗೆ ಹಾಕಿದ ಬರೀ ಕತ್ತರಿ ಗೀಟೋ ಅನ್ನುವುದೂ ತಿಳಿಯುತ್ತದೆ. ಮೊದಲ ಪುಟ ಮಾತ್ರ ನೋಡಿ ಮುಚ್ಚುವವರು ಇದನ್ನು ಕಳೆದುಕೊಳ್ಳುತ್ತಾರೆ.

ಅಪ್ಪ ಸತ್ತಮೇಲೆ ಮಕ್ಕಳೆಲ್ಲ ಸೇರಿ ಮಾರಿದ ಪತ್ರ ಸಿಕ್ಕರೆ ಹಬ್ಬ. ಹೆಣ್ಣುಮಕ್ಕಳು ತಮ್ಮ ಗಂಡಂದಿರ ಹೆಸರಿನ ಜೊತೆ ಸಾಲಾಗಿ ಬರುತ್ತಾರೆ. ಅಂಥ ಒಂದು ಪತ್ರದಿಂದ ನಾಲ್ಕು ಹೆಂಗಸರ ತವರು ಗೊತ್ತಾಗುತ್ತದೆ.

ಕೋರ್ಟು: ಲೆಟಿಷಿಯಾ ಕಾರ್ಸನ್

ಸಹಿ ಹಾಕುವ ಹಕ್ಕೇ ಇಲ್ಲದವಳ ಗತಿ? ಆಗ ಕೋರ್ಟಿನ ಕಡತ ನೋಡಬೇಕು. ಅದಕ್ಕೆ ಲೆಟಿಷಿಯಾ ಕಾರ್ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಕೆ ಕೆಂಟಕಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಹೆಂಗಸು. 1845ರಲ್ಲಿ ಐರ್ಲೆಂಡಿನಿಂದ ಬಂದಿದ್ದ ಡೇವಿಡ್ ಕಾರ್ಸನ್ ಜೊತೆ ಒರೆಗಾನ್‌ಗೆ ಬಂದಳು. ಮಗಳು ಮಾರ್ಥಾ ದಾರಿಯಲ್ಲೇ ಹುಟ್ಟಿದಳು. ಬೆಂಟನ್ ಕೌಂಟಿಯ ಸೋಪ್ ಕ್ರೀಕ್ ಕಣಿವೆಯಲ್ಲಿ ಬದುಕು ಕಟ್ಟಿಕೊಂಡರು. 1852ರಲ್ಲಿ ಡೇವಿಡ್ ಸತ್ತ. ಅವನ ಆಸ್ತಿಗೆ ಕೋರ್ಟು ನೇಮಿಸಿದ ಆಡಳಿತಗಾರ ಗ್ರೀನ್‌ಬೆರಿ ಸ್ಮಿತ್, ಪಕ್ಕದ ಜಮೀನಿನವನು. ಆಕೆಯಾಗಲಿ ಮಕ್ಕಳಾಗಲಿ ವಾರಸುದಾರರಲ್ಲ ಅಂತ ಹೇಳಿ ಎಲ್ಲವನ್ನೂ ಹರಾಜು ಹಾಕಿಸಿದ. ಆ ಹರಾಜಿನಲ್ಲಿ ಲೆಟಿಷಿಯಾ ಕೆಲವು ಸಾಮಾನನ್ನು ತಾನೇ ದುಡ್ಡು ಕೊಟ್ಟು ಬಿಡಿಸಿಕೊಂಡಳು. ಆಮೇಲೆ ಕೇಸು ಹಾಕಿದಳು. ಇಷ್ಟು ವರ್ಷ ದುಡಿದ ಕೂಲಿಗೆ ಒಂದು, ಮಾರಿಹೋದ ತನ್ನ ದನಗಳಿಗೆ ಇನ್ನೊಂದು. ಕಪ್ಪು ಜನರು ಬಂದು ನೆಲೆಸುವುದನ್ನೇ ನಿಷೇಧಿಸುವ ಕಾನೂನು ಮಾಡಿದ್ದ ಜಾಗದಲ್ಲಿ, ಎರಡನ್ನೂ ಗೆದ್ದಳು.

ಮುಂದೆ 1862ರ ಹೋಮ್‌ಸ್ಟೆಡ್ ಕಾನೂನು ಬಂತು. 160 ಎಕರೆ, ಐದು ವರ್ಷ ವಾಸ. ಇದರಲ್ಲಿ ಮದುವೆಯಾಗದ ಹೆಂಗಸು, ವಿಧವೆ, ಮನೆಯ ಯಜಮಾನಿ ತನ್ನ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಇರುವವಳಿಗೆ ಅವಕಾಶವಿರಲಿಲ್ಲ. ಲೆಟಿಷಿಯಾ 1863ರಲ್ಲೇ ಡಗ್ಲಸ್ ಕೌಂಟಿಯಲ್ಲಿ ಅರ್ಜಿ ಹಾಕಿ, 1869ರಲ್ಲಿ ಜಮೀನು ಪಡೆದಳು.

ಗಮನಿಸಿ, ಆಕೆಯ ಬಗ್ಗೆ ಇಷ್ಟು ಗೊತ್ತಿರುವುದಕ್ಕೆ ಕಾರಣವೇ ಆಕೆ ಜಗಳಕ್ಕೆ ನಿಂತದ್ದು. ಆಸ್ತಿಪಟ್ಟಿ, ಹರಾಜಿನ ಲೆಕ್ಕ, ಸಾಕ್ಷಿಗಳ ಮಾತು, ಎಲ್ಲ ಕೋರ್ಟಿನ ಕಡತದಲ್ಲಿ ಉಳಿಯಿತು. ನಿಮ್ಮ ಅಜ್ಜಿಯ ಗಂಡ ಸತ್ತಿದ್ದರೆ ಕೌಂಟಿಯ ಪ್ರೊಬೇಟ್ ಕಡತ (ಸತ್ತವರ ಆಸ್ತಿ ವಿಲೇವಾರಿಯದು) ಕೇಳಿ, ಸೂಚಿಯ ಒಂದು ಸಾಲು ಸಾಲದು, ಇಡೀ ಕಟ್ಟು ಬೇಕು. ಮನೆಯಲ್ಲಿದ್ದ ಪಾತ್ರೆ, ಹಾಸಿಗೆ, ಹಸುವಿನ ಪಟ್ಟಿ ಸಿಗುತ್ತದೆ. ತಾಯಿ ಬದುಕಿದ್ದರೂ ಮಕ್ಕಳಿಗೆ ಬೇರೆ ಗಂಡಸನ್ನು ಪೋಷಕ ಅಂತ ನೇಮಿಸಿದ್ದು ಕಂಡರೆ ತಾಯಿ ಸತ್ತಳು ಅಂತ ತೀರ್ಮಾನ ಮಾಡಬೇಡಿ. ಹಾಗೆ ಮಾಡುವುದು ಆಗ ಮಾಮೂಲಿ.

ಜಮೀನಿನ ಹಕ್ಕುಪತ್ರ ಹುಡುಕಲು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜನರಲ್ ಲ್ಯಾಂಡ್ ಆಫೀಸ್ ವೆಬ್‌ಸೈಟ್ ಇದೆ. ಉಚಿತ. ಹಕ್ಕುಪತ್ರ ಬರೀ ಒಂದು ಹಾಳೆ. ಅದರ ನಂಬರ್ ಹಿಡಿದು ನ್ಯಾಷನಲ್ ಆರ್ಕೈವ್ಸ್‌ಗೆ ಶುಲ್ಕ ಕಟ್ಟಿದರೆ ಪೂರ್ತಿ ಕಡತದ ನಕಲು ಕಳಿಸುತ್ತಾರೆ. ಸಾರ ಇರುವುದು ಅದರಲ್ಲೇ.

ಪಿಂಚಣಿ, ಪತ್ರಿಕೆ

ಗಂಡ ಅಮೆರಿಕದ ಅಂತರ್ಯುದ್ಧದಲ್ಲಿ ಕೇಂದ್ರ ಸರ್ಕಾರದ ಕಡೆಯ ಸೈನಿಕನಾಗಿದ್ದರೆ ವಿಧವಾ ಪಿಂಚಣಿಯ ಕಡತ ಬಿಡಲೇಬೇಡಿ. 1862ರ ಕಾನೂನಿನಲ್ಲಿ ಯುದ್ಧದ ಕಾರಣಕ್ಕೇ ಸತ್ತಿರಬೇಕಿತ್ತು. 1890ರಲ್ಲಿ ಅದನ್ನು ಸಡಿಲಿಸಿದರು. ಮದುವೆ ನಿಜ, ಮಕ್ಕಳು ಇಂಥ ದಿನ ಹುಟ್ಟಿದರು, ಮತ್ತೆ ಮದುವೆಯಾಗಿಲ್ಲ, ಎಲ್ಲಕ್ಕೂ ಅವಳೇ ಪುರಾವೆ ಕೊಡಬೇಕು. ಸೂಲಗಿತ್ತಿಯ ಹೇಳಿಕೆ, ಬೈಬಲ್ಲಿನಿಂದ ಹರಿದ ಹಾಳೆ, ಅಕ್ಕಪಕ್ಕದವರ ಅಫಿಡವಿಟ್, ಏನೇನೋ ಸಿಗುತ್ತದೆ. ಅವಳ ಮಾತು ಅವಳ ಬಾಯಲ್ಲೇ ಕೇಳುವುದು ಹೆಚ್ಚಾಗಿ ಇಲ್ಲಿ.

ಪತ್ರಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾದಲ್ಲಿ, ಇಲ್ಲಿಯವು ಒರೆಗಾನ್ ವಿಶ್ವವಿದ್ಯಾಲಯದ ಹಿಸ್ಟಾರಿಕ್ ಒರೆಗಾನ್ ನ್ಯೂಸ್‌ಪೇಪರ್ಸ್‌ನಲ್ಲಿ. ಅವಳ ಹೆಸರು ಹಾಕಿದರೆ ಸಿಗುವುದು ಕಷ್ಟ. ಗಂಡನ ಇನಿಷಿಯಲ್ ಮುಂದೆ ‘ಮಿಸೆಸ್’ ಹಾಕಿ ಹುಡುಕಿ. ಊರಿನ ಹೆಸರು, ಅಳಿಯನ ಹೆಸರು ಹಾಕಿಯೂ ನೋಡಿ. ಹಳೇ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ.

ದಾರಿಯಲ್ಲೇ ತೀರಿಕೊಂಡವಳು

ಕೆಲವರು ಒರೆಗಾನ್ ತಲುಪಲೇ ಇಲ್ಲ. ಆ್ಯನ್ ರೋಲೋಫ್ಸನ್ ಸ್ಕಾಟ್ 1852ರ ವಸಂತದಲ್ಲಿ ಗಂಡ, ಒಂಬತ್ತು ಮಕ್ಕಳ ಜೊತೆ ಇಲಿನಾಯ್‌ನಿಂದ ಹೊರಟಳು. ಜೂನ್‌ನಲ್ಲಿ ಈಗಿನ ವಯೋಮಿಂಗ್‌ನಲ್ಲಿ ಕಾಲರಾಕ್ಕೆ ಬಲಿಯಾದಳು. ಆಗಸ್ಟ್‌ನಲ್ಲಿ ಚಿಕ್ಕ ಮಗನೂ ಹೋದ. ಇಲ್ಲಿ ಅವಳಿಗೆ ಜಮೀನಿಲ್ಲ, ಸಹಿ ಇಲ್ಲ. ಆದರೂ ಅವಳ ಕಥೆ ಉಳಿದಿದೆ, ಯಾಕೆಂದರೆ ದಾರಿಯ ದಿನಚರಿ ಬರೆಯುವ ಕೆಲಸವನ್ನು ಅಪ್ಪ ಹದಿನೇಳು ವರ್ಷದ ಮಗಳು ಅಬಿಗೇಲ್‌ಗೆ ಒಪ್ಪಿಸಿದ್ದ. ಆ ಹುಡುಗಿಯೇ ಮುಂದೆ 1871ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಪತ್ರಿಕೆ ಶುರುಮಾಡಿ, ಒರೆಗಾನ್ ಹೆಂಗಸರಿಗೆ 1912ರಲ್ಲಿ ಮತದಾನದ ಹಕ್ಕು ಬರುವವರೆಗೆ ಹೋರಾಡಿದ ಅಬಿಗೇಲ್ ಸ್ಕಾಟ್ ಡನಿವೇ.

ನಿಮ್ಮ ಮನೆಯವರು ದಿನಚರಿ ಬರೆಯದಿದ್ದರೂ ಅದೇ ಗುಂಪಿನ ಬೇರೆಯವರು ಬರೆದಿರಬಹುದು. ಒರೆಗಾನ್-ಕ್ಯಾಲಿಫೋರ್ನಿಯಾ ಟ್ರೇಲ್ಸ್ ಅಸೋಸಿಯೇಷನ್‌ನವರು ಇಂಥ ದಿನಚರಿ, ಪತ್ರಗಳಲ್ಲಿ ಬರುವ ಹೆಸರುಗಳ ಸೂಚಿ ಮಾಡಿದ್ದಾರೆ. ಗಂಡನ ಹೆಸರು, ಸಾಕ್ಷಿಗಳ ಹೆಸರು, ವರ್ಷ, ಎಲ್ಲ ಹಾಕಿ ನೋಡಿ. ದಾರಿಯಲ್ಲಿ ಸತ್ತವಳ ತವರನ್ನು ಹೊರಟ ಊರಿನಲ್ಲೇ ಹುಡುಕಬೇಕು: ಅಲ್ಲಿಯ 1850ರ ಗಣತಿ, ಅಲ್ಲಿಯ ಮದುವೆ ರಿಜಿಸ್ಟರ್.

ನಮ್ಮದೂ ಈಗ ಅಲ್ಲಿಗೇ ಬಂದು ನಿಂತಿದೆ. ಇಲಿನಾಯ್‌ನ ಆ ಕೌಂಟಿಯ 1850ರ ಹಾಳೆಯಲ್ಲಿ ಅಜ್ಜಿ, ಅವಳ ಗಂಡ, ಒಂದು ಕೂಸು ಇದ್ದಾರೆ. ಎರಡು ಮನೆ ಆಚೆ ಒಬ್ಬ ಮುದುಕ. ಅವನ ಮನೆತನದ ಹೆಸರೇ ಅಜ್ಜಿಯ ಎರಡನೇ ಮಗನ ನಡುವಿನ ಹೆಸರು. ಇಬ್ಬರು ಮಕ್ಕಳ ಮರಣ ಪತ್ರದಲ್ಲಿ ಬಂದ ಎರಡು ತವರಿನ ಹೆಸರುಗಳಲ್ಲಿ ಒಂದೂ ಇದೇ. ಅಷ್ಟಕ್ಕೇ ಅವನು ಅಪ್ಪ ಅಂತ ಬರೆಯಲು ನಾನು ಬಿಡಲಿಲ್ಲ. ದೊಡ್ಡಪ್ಪನೂ ಆಗಿರಬಹುದು. ಅವನ ಪ್ರೊಬೇಟ್ ಕಡತಕ್ಕೆ ಅರ್ಜಿ ಕಳಿಸಿದ್ದೇವೆ. ವಿಲ್ ಮಾಡಿದ್ದರೆ ‘ಒರೆಗಾನ್‌ನಲ್ಲಿರುವ ಮಗಳಿಗೆ’ ಅಂತ ಒಂದು ಸಾಲು ಇರಬೇಕು. ಬೀಗಿತ್ತಿ ದಿನಾ ಫೋನ್ ಮಾಡಿ ಬಂತಾ ಅಂತ ಕೇಳುತ್ತಾರೆ.